ಏಳನೇ ಸರೋವರದ ಜೋಥಮ್ ಪ್ರೌಟಿ

ಅಕ್ಟೋಬರ್ ತಿಂಗಳ ಮೊದಲ ಶನಿವಾರ ನಮ್ಮೂರು ಹ್ಯಾಲೆಟ್ ಕಟ್ಟೆಯ ಸಭಾಭವನದಲ್ಲಿ ಬೀನ್ಸ್ ಊಟ ಇರುತ್ತಿತ್ತು. ಊಟವಾದ ಮೇಲೆ ಜೋಥಮ್ ಪ್ರೌಟಿಯ ಮಾತು ಇರುತ್ತಿತ್ತು. ಮಾತು ಮುಗಿಯುವವರೆಗೆ ಯಾರೂ ಏಳುವಂತಿರಲಿಲ್ಲ, ಯಾಕೆಂದರೆ ಪಾದ್ರಿಯ ಹೆಂಡತಿ ಆಪಲ್ ಪೈ ಕತ್ತರಿಸುತ್ತಿದ್ದದ್ದೇ ಆಮೇಲೆ. ಹದಿನಾರು ವರ್ಷ ನಾನು ಆ ಪೈಗಾಗಿ ಅವನನ್ನು ಸಹಿಸಿಕೊಂಡೆ.

ಅವನು ನಮ್ಮೂರ ಮೋಚಿ. ನದಿಯಲ್ಲಿ ತೇಲಿಬಿಟ್ಟ ದಿಮ್ಮಿಗಳ ಮೇಲೆ ಓಡಾಡುವ ಗಂಡಸರಿಗೆ ಅಟ್ಟೆಯಲ್ಲಿ ಮೊಳೆ ಕೂರಿಸಿದ ಬೂಟು ಬೇಕು. ಆ ಬೂಟುಗಳನ್ನು ಅವನು ಚೆನ್ನಾಗಿ ಹೊಲಿಯುತ್ತಿದ್ದ. ಇದನ್ನು ಹೇಳದಿದ್ದರೆ ಅನ್ಯಾಯ. ಆದರೆ ಅವನ ಬೂಟು ಮೆಟ್ಟಿದವರು ನೊರೆಯುಕ್ಕುವ ನೀರಿನ ಮೇಲೆ ನಡೆದು ಹೋಗುತ್ತಿದ್ದಾಗ ಅವನು ಮಾತ್ರ ಅಂಗಡಿಯ ಮುಕ್ಕಾಲಿ ಬಿಟ್ಟು ಏಳುತ್ತಿರಲಿಲ್ಲ. ಹದಿನೆಂಟನೇ ವಯಸ್ಸಿನಲ್ಲಿ ಅವನೂ ದಿಮ್ಮಿ ಸಾಗಿಸುವ ತಂಡಕ್ಕೆ ಸೇರಿದ್ದ. ಮೊದಲ ದಿನವೇ ನೀರಿಗೆ ಬಿದ್ದ. ಕೊರಳಪಟ್ಟಿ ಹಿಡಿದು ಎಳೆದು ದಡಕ್ಕೆ ಹಾಕಿದರು. ಅಲ್ಲಿ ಎಲ್ಲರೆದುರು ಅತ್ತ. ಮಧ್ಯಾಹ್ನದೊಳಗೆ ಮನೆಗೆ ಕಳಿಸಿದರು. ನಮ್ಮೂರಲ್ಲಿ ಅಂಥದ್ದನ್ನು ಯಾರೂ ಮರೆಯುವುದಿಲ್ಲ, ಮರೆಯಲು ಬಿಡುವುದೂ ಇಲ್ಲ.

ಅಂಥವನು ಮೂವತ್ತು ದಾಟಿದ ಮೇಲೆ ಕ್ಯಾನ್ವಾಸ್ ಹೊದಿಸಿದ ಹಳೆಯ ದೋಣಿಯೊಂದನ್ನು ಕೊಂಡು, ಏಳೂ ಸರೋವರಗಳನ್ನು ಒಬ್ಬನೇ ದಾಟಿ ಬರುತ್ತೇನೆಂದು ಸಾರಿದ.

ಊರಿನ ಮೇಲ್ಗಡೆ, ಫರ್ ಮರಗಳ ಕಾಡಿನಲ್ಲಿ, ಏಳು ಸರೋವರಗಳು ಒಂದರ ಹಿಂದೊಂದು ಬಿದ್ದಿವೆ. ನಕ್ಷೆ ಬರೆಯುವವರು ಅವಕ್ಕೆ ದೊಡ್ಡ ದೊಡ್ಡ ಹೆಸರಿಟ್ಟಿದ್ದಾರಂತೆ. ನಮಗೆ ಅವು ಒಂದನೇದು, ಎರಡನೇದು, ಏಳನೇದು. ಒಂದರಿಂದ ಇನ್ನೊಂದಕ್ಕೆ ಹೊರುದಾರಿಗಳು: ದೋಣಿಯನ್ನು ಬೋರಲು ಮಾಡಿ ಭುಜದ ಮೇಲೆ ಹೊತ್ತು ನಡೆಯುವ ಕಲ್ಲುಮುಳ್ಳಿನ ಹಾದಿ. ಅಲ್ಲಿಗೆ ನಮ್ಮವರು ಬೋನು ಹಾಕಲು ಹೋಗುತ್ತಾರೆ, ಕಡಿಯುವ ಮರ ಗುರುತಿಸಲು ಹೋಗುತ್ತಾರೆ, ಕಾಡ್ಗಿಚ್ಚು ಕಾಯಲು ಹೋಗುತ್ತಾರೆ. ಕೆಲಸವಿಲ್ಲದೆ ಒಂಟಿಯಾಗಿ ಕಾಡು ಹೊಗುವುದು ಪಟ್ಟಣದವರ ಚಟ. ಬೆಳಗ್ಗೆಯಿಂದ ಸಂಜೆಯವರೆಗೆ ಏನನ್ನೂ ಹೊತ್ತರಿಯದವರಿಗೆ ಹೊರುವುದು ಹಬ್ಬ.

ಏಳನೇದರ ದಂಡೆಯಲ್ಲಿ, ಮುಚ್ಚಿಹೋದ ಮರದ ಕಂಪನಿಯ ಹಳೇ ಉಗ್ರಾಣವಿದೆ. ಅದರ ಬಾಗಿಲಲ್ಲಿ ದಿಮ್ಮಿಗಳ ಬುಡಕ್ಕೆ ಮುದ್ರೆ ಒತ್ತುವ ಕಬ್ಬಿಣದ ಸುತ್ತಿಗೆ ನೇತುಹಾಕಿದ್ದಾರೆ. ವೃತ್ತದೊಳಗೆ ನಕ್ಷತ್ರ, ಅದು ಆ ಕಂಪನಿಯ ಮುದ್ರೆ. ಅಲ್ಲಿಯವರೆಗೆ ಮುಟ್ಟಿದವನು ತನ್ನ ದೋಣಿಯ ಹುಟ್ಟಿನ ಹಿಡಿಗೆ ಒಂದು ಮುದ್ರೆ ಹೊಡೆದುಕೊಳ್ಳಬೇಕು. ನಮ್ಮಲ್ಲಿ ಬಾಯಿಮಾತಿಗೆ ಬೆಲೆಯಿಲ್ಲ, ಆ ಮುದ್ರೆಗೆ ಇದೆ. ಕೆಲಸದವರು ಒಮ್ಮೆ ಹೊಡೆದುಕೊಂಡು ಮರೆತುಬಿಡುತ್ತಾರೆ. ನನ್ನ ತಮ್ಮ ರೂಫಸ್ ಅಲ್ಲಿಗೆ ನೂರು ಸಲ ಹೋಗಿದ್ದ, ಅವನ ಹುಟ್ಟಿನ ಮೇಲೆ ಒಂದೇ ನಕ್ಷತ್ರ. ಪ್ರೌಟಿಯ ಹುಟ್ಟು ಮಾತ್ರ ಆಕಾಶವಾಗಿತ್ತು.

ಹದಿನಾರು ಸೆಪ್ಟೆಂಬರ್, ಒಂದೊಂದರಲ್ಲಿ ಹದಿನೆಂಟು ದಿನ. ಹಿಂದಿರುಗುವಾಗ ಗಡ್ಡ, ಹೊಗೆಯ ವಾಸನೆ, ಹೊಸ ನಕ್ಷತ್ರ. ಆಮೇಲೆ ಭವನದಲ್ಲಿ ಮಾತು.

“ಆರನೇದರ ಮರಳ ದಂಡೇಲಿ ಬೆಂಕಿ ಹಾಕ್ಕೊಂಡು ಕೂತಿದ್ದೆ,” ಅನ್ನುತ್ತಿದ್ದ, ಹುಟ್ಟನ್ನು ಬಿಷಪ್ಪನ ದಂಡದ ಹಾಗೆ ನೆಟ್ಟಗೆ ಹಿಡಿದು. “ಎದುರಿಗೆ ಮೂಸ್ ಬಂತು, ಕುದುರೆಗಿಂತ ಎತ್ತರದ ಜಿಂಕೆ. ನಾನು ಅದರ ಕಣ್ಣು ನೋಡ್ದೆ. ಅದು ನನ್ನ ಕಣ್ಣು ನೋಡ್ತು. ‘ಹೋಗಪ್ಪಾ’ ಅಂದೆ. ಹೋಯ್ತು.”

“ನೀನು ಮಾತು ಶುರುಮಾಡಿದ್ರೆ ಯಾವ ಪ್ರಾಣಿ ನಿಲ್ಲುತ್ತಯ್ಯಾ?” ಅಂತ ಒಲೆಯ ಪಕ್ಕದಿಂದ ಎಬೆನ್ ತಾತ ಕೂಗುತ್ತಿದ್ದ. “ನಮಗಾದ್ರೆ ಪೈ ಇದೆ, ಪಾಪ ಅದಕ್ಕೇನಿತ್ತು?”

ಮೊದಲ ವರ್ಷ ಮೊರದಷ್ಟಿದ್ದ ಆ ಮೂಸಿನ ಕೊಂಬು ಹತ್ತನೇ ವರ್ಷಕ್ಕೆ ಬಾಗಿಲಿನಷ್ಟಾಯಿತು. ನಾವು ನಂಬಿದೆವು, ಮುದ್ರೆ ಇತ್ತಲ್ಲ. ನಂಬಿಕೊಂಡೇ ಹೀನಾಯ ಮಾಡಿದೆವು. ಹೋಗಿಬಂದದ್ದನ್ನು ಹೀಗೆ ಹರಾಜು ಹಾಕುವವನಿಗಿಂತ ಹೋಗದೆ ಬಾಯಿ ಮುಚ್ಚಿಕೊಂಡಿರುವವನು ಮೇಲು ಎಂದು ನಾನೇ ಅವನ ಎದುರಿಗೆ ಹೇಳಿದ್ದೇನೆ. ಅವನು ನಕ್ಕಿದ್ದ. ಮೇಣ ಮೆತ್ತಿದ ಹಳದಿ ಬೆರಳುಗಳನ್ನು ಅಂಗಿಗೆ ಒರೆಸಿಕೊಳ್ಳುತ್ತಾ ನಗುವ ಆ ನಗೆ ಕಂಡರೆ ನನಗೆ ಮೈ ಉರಿಯುತ್ತಿತ್ತು.

ಇಲ್ಲೊಂದು ಮಾತು. ಮೇಲಿನ ಸರೋವರಗಳನ್ನು ಬಲ್ಲ ಗಂಡಸರೆಲ್ಲ ಸೆಪ್ಟೆಂಬರ್ ಕೊನೆಗೇ ಮರ ಕಡಿಯುವ ಬಿಡಾರಗಳಿಗೆ ಹೊರಟುಹೋಗುತ್ತಿದ್ದರು. ಭವನದಲ್ಲಿ ಕೂರುತ್ತಿದ್ದದ್ದು ಹೆಂಗಸರು, ಮುದುಕರು, ಪಾದ್ರಿ. ಗೊತ್ತಿದ್ದವರು ಕೇಳಲಿಲ್ಲ, ಕೇಳಿದವರಿಗೆ ಗೊತ್ತಿರಲಿಲ್ಲ.

*

ಮೂವತ್ತನಾಲ್ಕನೇ ಇಸವಿಯ ಶರತ್ಕಾಲ ಒಣಗಿತ್ತು. ಮೇಪಲ್ ಎಲೆಗಳು ಕೆಂಪಾಗಿ, ಉದುರಿ, ನೆಲದಲ್ಲೂ ಕೆಂಪಾಗಿಯೇ ಉಳಿದವು. ಕಪ್ಪಾಗಿಸಲು ಒಂದು ಮಳೆ ಬರಲಿಲ್ಲ. ಹಾಗಾಗಿ ಏಳನೇದರ ಮೇಲೆ, ಉಗ್ರಾಣಕ್ಕೆ ಮರೆಯಾದ ಗುಡ್ಡದ ಗೋಪುರದಲ್ಲಿ ಕಾಡ್ಗಿಚ್ಚು ಕಾಯುತ್ತಿದ್ದ ರೂಫಸ್ ಇನ್ನೂ ಇಳಿದು ಬಂದಿರಲಿಲ್ಲ. ಅವನ ಬಿಡಾರದಿಂದ ಒಂದು ತಂತಿ ಕಾಡು, ಜೌಗು ಹಾದು ನಮ್ಮ ಅಡುಗೆಮನೆಯ ಗೋಡೆಗೆ ಬರುತ್ತಿತ್ತು. ಊರಿನ ಕರೆಗಳನ್ನೆಲ್ಲ ಜೋಡಿಸುವ ಟೆಲಿಫೋನ್ ಹಲಗೆ ಇದ್ದದ್ದು ಅಲ್ಲಿ, ಅದನ್ನು ನೋಡಿಕೊಳ್ಳುತ್ತಿದ್ದವಳು ನಾನು. ಪ್ರೌಟಿಯ ಹದಿನಾರನೇ ಮಾತು ಮುಗಿದು ಐದು ದಿನವಾಗಿತ್ತು. ಗುರುವಾರ ಬೆಳಗ್ಗೆ ಹತ್ತಕ್ಕೆ ಗಂಟೆ ಬಾರಿಸಿತು.

“ಅಕ್ಕಾ, ಬೈಬೇಡ,” ಅಂದ ರೂಫಸ್.

“ಬೈಯೋ ಅಂಥದ್ದು ಏನು ಮಾಡ್ದೆ?”

“ಕೊಡಲಿ ಜಾರ್ತು. ಕಾಲಿಗೆ.”

“ಎಷ್ಟು?”

“ಬೂಟೊಳಗೆ ನೀರು ತುಂಬಿದ ಹಾಗಿದೆ. ಬಿಚ್ಚೋಕಾಗ್ತಿಲ್ಲ. ನಿಲ್ಲೋಕೂ ಆಗ್ತಿಲ್ಲ. ಯಾರನ್ನಾದ್ರೂ...”

ತಂತಿ ಸತ್ತಿತು. ಅದು ಬೆದೆಯ ಕಾಲ. ಗಂಡು ಮೂಸುಗಳು ಕೊಂಬು ಉಜ್ಜುತ್ತಾ ನಡೆದು ಜೋಲುಬಿದ್ದ ತಂತಿಯನ್ನು ಸುತ್ತಿಕೊಂಡು ಎಳೆದುಹಾಕುತ್ತವೆ. ಪ್ರತಿ ವರ್ಷ ಎರಡು ಮೂರು ಸಲ ಹೀಗಾಗುತ್ತಿತ್ತು. ಅದಕ್ಕೆ ನಾವು ನಗುತ್ತಿದ್ದೆವು.

ಗಂಡಸರಿದ್ದ ಬಿಡಾರ ಬೇರೆ ನದಿಯ ಮೇಲೆ, ಎರಡೂವರೆ ದಿನದ ನಡಿಗೆ. ಪಾದ್ರಿಯ ಮಗನನ್ನು ಅಲ್ಲಿಗೆ ಓಡಿಸಿದೆ. ಹೋಗಿ ಬರುವುದಕ್ಕೇ ಐದು ದಿನ. ಅಲ್ಲಿಂದ ಮೇಲಕ್ಕೆ ಇನ್ನೆಷ್ಟೋ. ನನ್ನ ತಮ್ಮನಿಗೆ ಇಪ್ಪತ್ತಾರು ವರ್ಷ. ಅವ್ವ ಸತ್ತಾಗ ಅವನಿಗೆ ಏಳು, ಅಲ್ಲಿಂದಾಚೆ ಅವನ ಅಂಗಿ, ಅನ್ನ, ಪೆಟ್ಟು ಎಲ್ಲ ನನ್ನ ಕೈಯವೇ. ದಿನಸಿ ಅಂಗಡಿಯ ಒಲೆ ಸುತ್ತ ಕೂತ ಮುದುಕರ ಮುಂದೆ ನಿಂತು, “ಯಾರು ಹೋಗ್ತೀರಿ?” ಅಂದೆ.

ಎಬೆನ್ ತಾತ ಪೈಪು ಬಾಯಿಂದ ತೆಗೆದ. “ಯಾಕೆ, ಪ್ರೌಟಿ ಇದ್ದಾನಲ್ಲ! ಹದಿನಾರು ನಕ್ಷತ್ರ. ಅವನಿಗೆ ಅದು ಹಿತ್ತಲು.”

ನನಗೆ ಆ ಹೆಸರೇ ಹೊಳೆದಿರಲಿಲ್ಲ. ಹೊಳೆದಾಗ ಸಮಾಧಾನಕ್ಕಿಂತ ಮೊದಲು ಅಸಹ್ಯವಾಯಿತು: ನನ್ನ ರೂಫಸನ ಜೀವ ಇವನ ಬಾಯಿಗೆ ಮುಂದಿನ ವರ್ಷದ ತುತ್ತಾಗಬೇಕಲ್ಲ ಎಂದು.

ಪ್ರೌಟಿಯ ಅಂಗಡಿಗೆ ನಡೆದೆ. ಅವನು ಒಂದು ಅಟ್ಟೆಗೆ ಮೊಳೆ ಬಡಿಯುತ್ತಿದ್ದ. ಹೇಳಿದೆ. ಅವನ ಬಾಯಲ್ಲಿದ್ದ ಮೊಳೆಗಳು ಒಂದೊಂದಾಗಿ ಮಡಿಲಿಗೆ ಉದುರಿದವು.

“ಈ ಬೂಟು ಇವತ್ತು ಕೊಡ್ಬೇಕು,” ಅಂದ.

“ಏನಂದೆ?”

“ಗಾಳಿ ಬೇರೆ ಎದ್ದಿದೆ, ಲೊವಿನಾ.”

“ಥೂ! ಹೋದ ಶನಿವಾರ ತಾನೇ ನಾಲ್ಕನೇದರ ಅಲೆ ಮೇಲೆ ಕುದುರೆ ಸವಾರಿ ಮಾಡಿದ ಹಾಗೆ ಮಾಡ್ದೆ ಅಂದೆಯಲ್ಲೋ! ಕೇಳೋರು ಇದ್ದಾಗ ಮಾತ್ರ ಗಂಡಸೇನೋ ನೀನು? ಅಲ್ಲಿ ನನ್ನ ತಮ್ಮ ಕಾಲು ಕತ್ತರಿಸ್ಕೊಂಡು ಬಿದ್ದಿದ್ದಾನೆ.”

ಅವನು ನನ್ನನ್ನು ನೋಡಲಿಲ್ಲ. ಗೋಡೆಗೆ ಒರಗಿಸಿದ್ದ ಹುಟ್ಟನ್ನು ನೋಡಿದ. “ಹೋಗ್ತೀನಿ,” ಅಂದ. “ಮಧ್ಯಾಹ್ನದ ಮೇಲೆ.”

ಮಧ್ಯಾಹ್ನದ ಮೇಲೆ! ನಾನು ಬಾಗಿಲು ಬಡಿದು ಬಂದೆ.

*

ಮಧ್ಯಾಹ್ನದವರೆಗೆ ಅವನು ಎಲ್ಲಿದ್ದನೆಂದು ಮುಂದಿನ ವಸಂತದಲ್ಲಿ ಮದಲೀನ್ ಸಬಾಟಸ್ ಹೇಳಿದಳು. ಅವಳು ಆ ಕಾಡಿನ ಮೂಲನಿವಾಸಿಗಳಾದ ಪೆನಾಬ್ಸ್ಕಾಟ್ ಜನದವಳು, ಎಂಬತ್ತು ದಾಟಿದ ಮುದುಕಿ. ಬೇಸಿಗೆಯಲ್ಲಿ ನಮ್ಮೂರ ಅಂಚಿನಲ್ಲಿ ಬುಟ್ಟಿ ಹೆಣೆದು ಮಾರಿ, ಚಳಿ ಬಿದ್ದ ಕೂಡಲೇ ನದಿಯ ಕೆಳಗಿನ ದ್ವೀಪಕ್ಕೆ ಮಗಳ ಮನೆಗೆ ಹೋಗಿಬಿಡುತ್ತಿದ್ದಳು. ಆ ಸರೋವರಗಳ ಮೇಲೆಯೇ ಹುಟ್ಟಿ ಬೆಳೆದವಳು. ಈಗ ಅವಳ ಮಂಡಿ ಕುಂಬಳಕಾಯಿಯಷ್ಟು ಊದಿತ್ತು.

ಪ್ರೌಟಿ ಬಂದು ಅವಳ ಜೋಪಡಿಯ ಬಾಗಿಲಲ್ಲಿ ಟೊಪ್ಪಿ ಹಿಡಿದುಕೊಂಡು ನಿಂತನಂತೆ.

“ಅಜ್ಜೀ, ನಾನು ಮೂರನೇದರಿಂದ ಆಚೆಗೆ ಹೋಗಿಲ್ಲ,” ಅಂದನಂತೆ. “ಒಂದು ಸಲಾನೂ.”

“ಅದನ್ನ ಹೇಳೋಕೆ ಬಂದ್ಯಾ? ನನಗೆ ಹದಿನೈದು ವರ್ಷದಿಂದ ಗೊತ್ತು. ಆರನೇದರ ಮರಳ ದಂಡೆ ಅಂತೀಯಲ್ಲ, ಆರನೇದಕ್ಕೆ ದಂಡೆ ಎಲ್ಲಿದೆಯೋ ಮಂಕೇ? ಸುತ್ತ ಬರೀ ಜೌಗು. ಅಲ್ಲಿ ಬೆಂಕಿ ಹಾಕ್ಬೇಕಾದ್ರೆ ತಲೆ ಮೇಲೆ ಹಾಕ್ಕೋಬೇಕು.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನಾನು ಭವನದ ಬಾಗಿಲಲ್ಲಿ ಬುಟ್ಟಿ ಮಾರೋಳು. ನಿಮ್ಮೋರು ನನ್ನ ಒಳಗೆ ಕರೆದು ಕೂರಿಸಿದ್ರೆ ಹೇಳ್ತಿದ್ದೆ.”

ಮುದ್ರೆಯ ಗುಟ್ಟನ್ನೂ ಅವನು ಬಿಚ್ಚಿದ. ಕಂಪನಿ ಮುಚ್ಚಿದಾಗ ಹರಾಜಿನಲ್ಲಿ ಒಂದು ಪೆಟ್ಟಿಗೆ ಬೂಟು ಮೊಳೆ ಕೊಂಡಿದ್ದನಂತೆ. ತಳದಲ್ಲಿ ಅಂಥದ್ದೇ ಇನ್ನೊಂದು ಸುತ್ತಿಗೆ ಇತ್ತು. ಮೂರನೇದರ ಹಿಂದೆ, ಜೊಂಡಿನ ಮರೆಯಲ್ಲಿ, ಯಾರೋ ಬಿಟ್ಟುಹೋದ ಗುಡಿಸಲಿನಲ್ಲಿ ಹದಿನೆಂಟು ದಿನ ಕೂತು, ಬಿಸ್ಕತ್ತು ತಿಂದು, ಪಂಚಾಂಗ ಓದಿ, ಕೊನೆಯ ದಿನ ಹುಟ್ಟಿಗೆ ಒಂದು ಏಟು ಹಾಕಿ ಬರುತ್ತಿದ್ದ.

“ಊರಿಗೆ ಹೋಗಿ ನಿಜ ಹೇಳಿಬಿಡ್ಲಾ?” ಅಂತ ಕೇಳಿದನಂತೆ.

“ಹೇಳು. ಎಲ್ಲರೂ ಸೇರಿ ನಿನಗೆ ಉಗೀತಾರೆ. ಅದಕ್ಕೊಂದು ದಿನ ಹಿಡಿಯುತ್ತೆ. ಅಲ್ಲಿ ಅವನ ಕಾಲು ಕೊಳೀತಾ ಇರುತ್ತೆ. ಬೇರೆ ಯಾರಿದ್ದಾರೆ ಹೋಗೋಕೆ? ಕೂತ್ಕೋ, ದಾರಿ ಹೇಳ್ತೀನಿ.”

ಹೇಳಿದಳು. ನಾಲ್ಕನೇದರಲ್ಲಿ ಎಡದಂಡೆ ಬಿಡಬೇಡ, ನಡುವೆ ಹೋದರೆ ಗಾಳಿ ನುಂಗುತ್ತದೆ. ಅಲ್ಲಿಂದ ಐದನೇದಕ್ಕೆ ಹೊರುದಾರಿಯ ಬಾಯಿ ಕಾಣುವುದಿಲ್ಲ. ಬೀವರ್ ಪ್ರಾಣಿಗಳು ಕೊಂಬೆ ಪೇರಿಸಿ ಕಟ್ಟಿದ ಕಟ್ಟೆಯ ಪಕ್ಕ ಸಿಡಿಲು ಬಡಿದ ಪೈನ್ ಮರ ಹುಡುಕು. ಆರನೇದರಲ್ಲಿ ನೀರು ಯಾವ ಕಡೆ ಹರಿಯುತ್ತದೆಂದು ಹುಲ್ಲು ನೋಡಿ ತಿಳಿದುಕೋ. ಮೂರು ಸಲ ಅವನಿಂದ ಹೇಳಿಸಿದಳು. ತಪ್ಪಿದಾಗೆಲ್ಲ ಬುಟ್ಟಿಗೆ ಸೀಳಿದ ಮರದ ಪಟ್ಟಿಯಿಂದ ಅವನ ಮುಂಗೈ ಮೇಲೆ ಬಾರಿಸಿದಳು.

“ನೀರು ಅಂದ್ರೆ ನನಗೆ ಭಯ, ಅಜ್ಜೀ.”

“ಇರ್ಲಿ, ಅದನ್ನೂ ಜೊತೆಗೆ ಕರ್ಕೊಂಡು ಹೋಗು. ತೂಕ ಇಲ್ಲವಲ್ಲ.”

*

ಮುಂದಿನದು ರೂಫಸ್ ಹೇಳಿದ್ದು. ಹಿಂದಿರುಗುವಾಗ ಮೂರು ದಿನ ಇಬ್ಬರೇ ದೋಣಿಯಲ್ಲಿದ್ದರು. ಪ್ರೌಟಿ ಅವನನ್ನು ನಿದ್ದೆ ಹೋಗಲು ಬಿಡದೆ ಇಡೀ ದಾರಿ ಮಾತಾಡಿಸುತ್ತಿದ್ದನಂತೆ.

ಮೂರನೇದರವರೆಗೆ ಕೈಗಳು ತಾವೇ ನಡೆದವು. ಗುಡಿಸಲಿಗೆ ಹೋಗಿ ಕಂಬಳಿ, ಹಂದಿಕೊಬ್ಬು, ಉಪ್ಪು ತೆಗೆದುಕೊಂಡ. ಹೊರಡುವಾಗ ಕಾಲು ಏಳಲಿಲ್ಲ, ಹದಿನಾರು ವರ್ಷ ಕೂತು ಕೂತು ಆ ನೆಲಕ್ಕೆ ಅವನ ಅಚ್ಚು ಬಿದ್ದಿತ್ತು. ಬಾಗಿಲಲ್ಲಿ ನಿಂತು ವಾಂತಿ ಮಾಡಿಕೊಂಡ. ಆಮೇಲೆ ಹೋದ.

ನಾಲ್ಕನೇದರಲ್ಲಿ ದೋಣಿಯ ತಳದಲ್ಲಿ ಮಂಡಿಯೂರಿ, ಎಡದಂಡೆಯ ಬಂಡೆಗಳನ್ನು ಬೇಕಾದರೆ ಮುಟ್ಟಬಹುದು ಅನ್ನುವಷ್ಟು ಹತ್ತಿರ ಹಿಡಿದು ಸಾಗಿದ. ಅಲೆ ಬಂದಾಗೆಲ್ಲ ಕಣ್ಣು ಮುಚ್ಚಿಕೊಂಡ. ಕಣ್ಣು ಮುಚ್ಚಿ ದೋಣಿ ನಡೆಸುವ ಮೂರ್ಖ ಆ ನೀರಿನ ಮೇಲೆ ಅದೇ ಮೊದಲು ಬಂದದ್ದಿರಬೇಕು. ಭವನದಲ್ಲಿ ಅವನು ಎಷ್ಟೋ ಸಲ ವರ್ಣಿಸಿದ್ದ ಲೂನ್ ಹಕ್ಕಿಯ ಕೂಗು ಅಲ್ಲಿ ನಿಜವಾಗಿ ಕೇಳಿಸಿತು. ಅದು ಅವನು ವರ್ಣಿಸಿದ ಹಾಗಿರಲಿಲ್ಲ. ಯಾರೋ ನಗಲು ಹೊರಟು ನಡುವೆ ಕಾರಣ ಮರೆತ ಹಾಗಿತ್ತು.

ಶನಿವಾರ ಐದನೇದರ ಹೊರುದಾರಿಯಲ್ಲಿ, ತಲೆಮೇಲೆ ದೋಣಿ ಹೊತ್ತು ತನ್ನ ಕಾಲಬೆರಳು ಬಿಟ್ಟು ಬೇರೇನೂ ಕಾಣದೆ ನಡೆಯುತ್ತಿದ್ದಾಗ, ಎದುರಿಗೆ ಇನ್ನು ನಾಲ್ಕು ಕಾಲು ಕಂಡವು. ಗಂಡು ಮೂಸ್. ಕೊಂಬಿಗೆ ನಮ್ಮ ಟೆಲಿಫೋನ್ ತಂತಿ ಸುತ್ತಿಕೊಂಡು, ಕಂಬಕ್ಕೆ ತಂತಿ ಕಟ್ಟುವ ಒಂದು ಬಿಳಿ ಪಿಂಗಾಣಿ ಬಿಲ್ಲೆ ಕಿವಿಯ ಮೇಲೆ ಲೋಲಾಕಿನಂತೆ ತೂಗುತ್ತಿತ್ತು. ಹದಿನಾರು ವರ್ಷ ಅದರ ಕಣ್ಣು ನೋಡಿದ್ದವನು ಈಗ ದೋಣಿಯನ್ನು ಮೈಮೇಲೆ ಕವುಚಿಕೊಂಡು ಅದರಡಿಯಲ್ಲಿ ಮುದುಡಿ ಮಲಗಿದ. ಅದು ದೋಣಿಯನ್ನು ಮೂಸಿತು. ಕೊಂಬಿನಿಂದ ಕೆರೆಯಿತು. ಬೆದೆಗೆ ಬಂದ ಪ್ರಾಣಿ, ಇದನ್ನು ಏನೆಂದು ತಿಳಿಯಿತೋ ದೇವರೇ ಬಲ್ಲ. ಎರಡು ಗಂಟೆ. ಒಳಗಿನಿಂದ ಅವನು ಚರ್ಚಿನ ಹಾಡುಗಳನ್ನೆಲ್ಲ ಒಂದೂ ಬಿಡದೆ ಹಾಡಿದ. ಹಾಡು ತೀರಿದ ಮೇಲೆ ಬೂಟು ಹೊಲಿಯುವ ಕ್ರಮವನ್ನೇ ರಾಗವಾಗಿ ಹೇಳಿದ. ಯಾವಾಗಲೋ ಅದು ಹೊರಟುಹೋಯಿತು.

“ಪ್ಯಾಂಟು ಒದ್ದೆಯಾಗಿತ್ತು, ರೂಫಸ್,” ಅಂದನಂತೆ. “ಮಳೆಯಿಂದ ಅಲ್ಲ.”

ಆರನೇದರಲ್ಲಿ ಮಂಜು ಇಳಿದಿತ್ತು. ಹುಲ್ಲು ಯಾವ ಕಡೆಗೂ ಬಾಗಿರಲಿಲ್ಲ. ಭಾನುವಾರ ಬೆಳಗ್ಗೆಯೆಲ್ಲ ಜೌಗಿನಲ್ಲಿ ಸುತ್ತಿ ಸುತ್ತಿ ತನ್ನದೇ ಹೆಜ್ಜೆಗೆ ಮೂರು ಸಲ ಮರಳಿದ. ನಾಲ್ಕನೇ ಸಲ ಕಾಲಿಗೆ ಏನೋ ತೊಡರಿತು. ತಂತಿ, ಮೂಸ್ ಎಳೆದು ಕೆಡವಿದ್ದು. ಒಂದು ತುದಿ ನನ್ನ ಅಡುಗೆಮನೆಯ ಕಡೆಗೆ, ಇನ್ನೊಂದು ರೂಫಸ್ ಕಡೆಗೆ. ಯಾವುದು ಯಾವುದೆಂದು ಅವನಿಗೆ ತಿಳಿಯಲಿಲ್ಲ. ಬಾಗಿ ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತ. ಊರಿನ ಕಡೆ ಸಾಗಿದ್ದರೂ ಯಾರೂ ಬೈಯುತ್ತಿರಲಿಲ್ಲ, ದಾರಿ ತಪ್ಪಿತು ಅನ್ನಬಹುದಿತ್ತು. ಕಡೆಗೆ, ಏರು ಯಾವ ಕಡೆಗಿದೆಯೋ ಆ ಕಡೆಗೆ, ದೋಣಿಯನ್ನು ಹಗ್ಗ ಕಟ್ಟಿ ಕೆಸರಿನಲ್ಲಿ ಎಳೆಯುತ್ತಾ, ತಂತಿಯನ್ನು ಒಂದೊಂದು ಹಿಡಿಯಾಗಿ ಸವರಿಕೊಂಡು ಹೋದ.

ರೂಫಸ್ ಬಿಡಾರದ ನೆಲದ ಮೇಲೆ ಬಿದ್ದಿದ್ದ. ಜ್ವರ ಏರಿತ್ತು. ರಕ್ತ ಒಣಗಿ ಬೂಟು ಕಾಲಿಗೆ ಕಚ್ಚಿತ್ತು, ಮೇಲೆ ಕಾಲು ಊದಿ ತೊಗಲು ಬಿಗಿದಿತ್ತು. ಅದನ್ನು ಎಳೆದರೆ ಕಾಲೇ ಬರುವ ಹಾಗಿತ್ತು. ಆ ಬೂಟು ಹೊಲಿದವನು ಪ್ರೌಟಿಯೇ. ತನ್ನ ಚಿಕ್ಕ ಚಾಕು ತೆಗೆದು, ತನ್ನ ಹೊಲಿಗೆಯನ್ನು ತಾನೇ, ಒಂದೊಂದೇ ಎಳೆ, ಹಿಮ್ಮಡಿಯಿಂದ ಮೇಲಕ್ಕೆ ಬಿಚ್ಚುತ್ತಾ ಬಂದ. ಕಾಲು ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲವೆಂದು ರೂಫಸ್ ಹೇಳಿದ. ಉಪ್ಪುನೀರು ಕಾಯಿಸಿ ತೊಳೆದ, ಕಟ್ಟಿದ.

“ಒಳ್ಳೇ ಹೊಲಿಗೆ. ಬಿಗಿಯಾಗಿತ್ತು, ಅದಕ್ಕೇ ರಕ್ತ ನಿಂತಿದೆ,” ಅಂದನಂತೆ. ಆ ಇಡೀ ಪ್ರಯಾಣದಲ್ಲಿ ಅವನು ಕೊಚ್ಚಿಕೊಂಡದ್ದು ಅಷ್ಟೇ.

ಹಿಂದಕ್ಕೆ ಬರುವಾಗ ಪ್ರತಿ ಹೊರುದಾರಿಯನ್ನೂ ಮೂರು ಸಲ ನಡೆದ: ರೂಫಸನನ್ನು ಬೆನ್ನ ಮೇಲೆ ಹೊತ್ತು ಒಂದು ಸಲ, ಬರಿಗೈಲಿ ಹಿಂದಕ್ಕೆ, ದೋಣಿ ಹೊತ್ತು ಮತ್ತೆ.

*

ಎರಡನೇದರಲ್ಲಿ, ಗುರುವಾರ ಬೆಳಗ್ಗೆ, ಮರ ಕಡಿಯುವ ಬಿಡಾರದಿಂದ ಓಡಿಬಂದಿದ್ದ ನಮ್ಮ ಗಂಡಸರು ಎದುರಾದರು. ರೂಫಸ್‌ಗೆ ಆಗ ಮೈಮೇಲೆ ಎಚ್ಚರವಿರಲಿಲ್ಲ. ಅವನನ್ನು ತಮ್ಮ ದೋಣಿಗೆ ಹಾಕಿಕೊಂಡು ಕೂಗುತ್ತಾ ಕೇಕೆ ಹಾಕುತ್ತಾ ಊರಿಗೆ ತಂದರು. ಪ್ರೌಟಿ ಹಿಂದಿನಿಂದ, ಎರಡು ಗಂಟೆ ತಡವಾಗಿ, ಒಬ್ಬನೇ ಬಂದ. ಯಾರೂ ದಡದಲ್ಲಿರಲಿಲ್ಲ. ನಾನು ರೂಫಸ್ ಜೊತೆ ಪಟ್ಟಣದ ಆಸ್ಪತ್ರೆಯ ದಾರಿಯಲ್ಲಿದ್ದೆ.

ಹಿಂದಿನ ದಿನ ಅವರಿಬ್ಬರೂ ಮೂರನೇದರ ಗುಡಿಸಲಿನಲ್ಲಿ ತಂಗಿದ್ದರು. ರೂಫಸನ ಕೋಟು ಅಲ್ಲೇ ಉಳಿದಿದೆ ಎಂದು ಪ್ರೌಟಿಯೇ ದಾರಿ ಹೇಳಿದ. ತರಲು ಹೋದ ಇಬ್ಬರು ಅಲ್ಲಿ ಹದಿನಾರು ವರ್ಷದ ಪಂಚಾಂಗಗಳನ್ನೂ ಬಿಸ್ಕತ್ತಿನ ಖಾಲಿ ಡಬ್ಬಗಳನ್ನೂ ಕಂಡು, ಕೋಟಿನ ಜೊತೆ ಸುತ್ತಿಗೆಯನ್ನೂ ತಂದರು.

ಮರುವಾರದ ಶನಿವಾರ ಭವನದಲ್ಲಿ ಬೀನ್ಸ್ ಪಾತ್ರೆಯ ಪಕ್ಕ ಆ ಸುತ್ತಿಗೆಯನ್ನು ಇಟ್ಟರು. ನಾನು ಆಸ್ಪತ್ರೆಯಿಂದ ಎರಡು ದಿನದ ಮಟ್ಟಿಗೆ ಬಂದಿದ್ದೆ, ರೂಫಸ್ ಇನ್ನೂ ಜ್ವರದಲ್ಲಿ ಬಡಬಡಿಸುತ್ತಿದ್ದ. ಅಂದು ಊರಿನ ಗಂಡಸರೆಲ್ಲ ಇದ್ದರು.

“ಇದು ಯಾರದು, ಪ್ರೌಟಿ?” ಅಂದ ಒಬ್ಬ.

“ನಂದು.”

“ಹಂಗಾದ್ರೆ ಹದಿನಾರು ನಕ್ಷತ್ರ?”

“ಅವೂ ನಂದೇ.”

ಭವನ ಸಿಡಿಯಿತು. ಎಬೆನ್ ತಾತ ಮೇಜು ಬಡಿದು ಬಡಿದು ನಕ್ಕ. “ಪಂಚಾಂಗ ಓದ್ತಾ ಕೂತಿದ್ನಂತೆ! ಮೂಸಿನ ಕಣ್ಣು ಪಂಚಾಂಗದಲ್ಲಿತ್ತೇನಯ್ಯಾ?”

“ಈ ಸಲದ್ದು?” ಅಂತ ಇನ್ನೊಬ್ಬ ಅವನ ಹುಟ್ಟನ್ನು ಕಿತ್ತುಕೊಂಡು ದೀಪಕ್ಕೆ ಹಿಡಿದ, ಬೆರಳಿಟ್ಟು ಎಣಿಸಿದ. “ಹದಿನಾರೇ. ಹದಿನೇಳನೇದು ಎಲ್ಲಿ? ಏಳನೇದಕ್ಕೆ ಹೋದೋನು ಅಲ್ಲಿ ನೇತಾಡ್ತಿರೋ ಸುತ್ತಿಗೆ ಮುಟ್ಟದೆ ಬಂದ್ಯಾ?”

“ಹೊಡಕೊಳ್ಲಿಲ್ಲ,” ಅಂದ ಪ್ರೌಟಿ.

ಅಷ್ಟು ಸಾಕಾಯಿತು. ರೂಫಸ್ ತಾನೇ ತೆವಳಿಕೊಂಡು, ತನ್ನ ದೋಣಿ ಹತ್ತಿ ಮೂರನೇದಕ್ಕೆ ಬಂದಿರಬೇಕು, ಅಲ್ಲಿ ಅಡಗಿ ಕೂತಿದ್ದ ಇವನ ಕೈಗೆ ಸಿಕ್ಕಿರಬೇಕು ಎಂದು ಕ್ಷಣದಲ್ಲಿ ತೀರ್ಮಾನವಾಯಿತು. ರೂಫಸನ ದೋಣಿ ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ. ಏಳನೇದರವರೆಗೆ ಹೋಗಿ ನೋಡೋಣ ಎಂದೂ ಯಾರೂ ಅನ್ನಲಿಲ್ಲ. ಕಬ್ಬಿಣದ ಗುರುತು ಕಂಡಾಗ ಹದಿನಾರು ಸುಳ್ಳು ನಂಬಿದ ಊರು, ಗುರುತು ಕಾಣದಿದ್ದಾಗ ಒಂದು ನಿಜವನ್ನು ಉಗಿದುಹಾಕಿತು.

ನಾನು ಎದ್ದು ಅವನ ಮುಂದೆ ಹೋಗಿ ನಿಂತೆ.

“ಅಲ್ಲಿ ಅವನು ಒಬ್ಬನೇ ತೆವಳ್ತಿದ್ದಾಗ ನೀನು ಗುಡಿಸಲಲ್ಲಿ ಕೂತು ಬಿಸ್ಕತ್ತು ತಿಂತಿದ್ಯಾ?” ಅಂದೆ. “ಹೇಳೋ! ಹದಿನಾರು ವರ್ಷ ಬಾಯಿ ಮುಚ್ಚಲಿಲ್ಲ, ಈಗ ನಾಲಿಗೆ ಬಿದ್ದುಹೋಯ್ತಾ?”

ಅವನು ತಲೆಯೆತ್ತಿದ. “ರೂಫಸ್ ಹ್ಯಾಗಿದ್ದಾನೆ?” ಅಂದ.

ನಾನು ಅವನ ಮುಖಕ್ಕೆ ಉಗಿದೆ. ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ಅವನ ಸುಳ್ಳುಗಳನ್ನೆಲ್ಲ ಬರೆದಿದ್ದೇನೆ, ನನ್ನ ತಪ್ಪೊಂದನ್ನು ಮುಚ್ಚಿಟ್ಟರೆ ಲೆಕ್ಕ ತಪ್ಪುತ್ತದೆ.

ಆ ಸಲ ಪಾದ್ರಿಯ ಹೆಂಡತಿ ಪೈಯನ್ನು ಬೇಗನೆ ಕತ್ತರಿಸಿದಳು.

*

ಕಾಲಿನ ಎರಡು ಬೆರಳು ಕಳೆದುಕೊಂಡು, ಕಾಲು ಉಳಿಸಿಕೊಂಡು, ರೂಫಸ್ ಡಿಸೆಂಬರಿನಲ್ಲಿ ಮನೆಗೆ ಬಂದ. ಅವನ ಜ್ವರ ಇಳಿಯುವ ಮೊದಲೇ ನಾನು ಆಸ್ಪತ್ರೆ ಬಿಟ್ಟು ಟೆಲಿಫೋನ್ ಹಲಗೆಗೆ ಮರಳಬೇಕಾಗಿತ್ತು. ಅಡುಗೆಮನೆಯ ಒಲೆಯ ಮುಂದೆ ಕಾಲು ಚಾಚಿ ಕೂತು, “ಪ್ರೌಟಿ ಬರ್ಲಿಲ್ವಾ ನೋಡೋಕೆ?” ಅಂದ. ನಾನು ಭವನದಲ್ಲಿ ನಡೆದದ್ದನ್ನು ಹೆಮ್ಮೆಯಿಂದಲೇ ಹೇಳಿದೆ. ಅವನು ಚಾಚಿದ ಕಾಲನ್ನು ಎಳೆದುಕೊಂಡು ನೆಟ್ಟಗೆ ಕೂತ. ಆಮೇಲೆ ಎಲ್ಲ ಹೇಳಿದ: ವಾಂತಿ, ಹಾಡು, ಒದ್ದೆ ಪ್ಯಾಂಟು, ತಂತಿ, ಚಾಕು. ಎಲ್ಲ.

ನಾನು ದಿನಸಿ ಅಂಗಡಿಗೆ ಓಡಿಹೋಗಿ ಒಲೆ ಸುತ್ತ ಕೂತವರಿಗೆ ಹೇಳಿದೆ.

“ಜ್ವರದಲ್ಲಿದ್ದ ಹುಡುಗ,” ಅಂದ ಎಬೆನ್ ತಾತ ಕನಿಕರದಿಂದ. “ಪ್ರೌಟಿ ಮೂರು ದಿನ ಕಿವಿಗೆ ಕಥೆ ಊದಿದ್ದಾನೆ. ನೀನೂ ಬಿಡಮ್ಮಾ.”

“ರೂಫಸ್ ಸುಳ್ಳು ಹೇಳ್ತಾನಾ?”

“ಹುಟ್ಟಿನ ಮೇಲೆ ಗುರುತಿಲ್ಲವಲ್ಲಮ್ಮ.”

ಆ ಮುದುಕರ ಕೆಂಪು ಮೂಗು, ಪೈಪು, ಬೆಚ್ಚಗಿನ ಮಂಡಿಗಳನ್ನು ನೋಡುತ್ತಾ ನಿಂತೆ. ಇಷ್ಟು ವರ್ಷ ಒಬ್ಬನ ಮೇಲೆ ಖರ್ಚು ಮಾಡಿದ್ದ ಹೀನಾಯ ಎಷ್ಟು ಸಣ್ಣದು, ನಮ್ಮೂರಿಗೆ ಸಲ್ಲಬೇಕಾದದ್ದು ಇನ್ನೂ ಎಷ್ಟು ಬಾಕಿಯಿದೆ ಅನ್ನಿಸಿತು. ಆ ಊರಿನಲ್ಲಿ ನಾನೂ ಒಬ್ಬಳು.

ಪ್ರೌಟಿಯ ಅಂಗಡಿಗೆ ಹೋದೆ. ಅವನು ಅಟ್ಟೆಗೆ ಮೇಣ ಉಜ್ಜುತ್ತಿದ್ದ. ಕ್ಷಮೆ ಕೇಳುವ ಮಾತು ನನಗೆ ಅಭ್ಯಾಸವಿಲ್ಲ. ನಿಂತುಕೊಂಡೇ ಬೈದೆ.

“ಯಾಕೋ ಹೇಳ್ಲಿಲ್ಲ? ಇದ್ದದ್ದನ್ನ ಇದ್ದ ಹಾಗೆ ಹೇಳಿದ್ರೆ ಬಾಯಿ ಸವೀತಿತ್ತಾ?”

ಅವನು ಮೇಣವನ್ನು ಕೆಳಗಿಟ್ಟ. “ಹೇಳೋಕೆ ಅಂತ ತಲೆ ಎತ್ತಿದ್ನಲ್ಲ, ಲೊವಿನಾ, ಆಗ ಆ ಮೂಸ್ ಬಾಯಿಗೆ ಬಂತು. ಬಂದ ಕೂಡ್ಲೇ ದೊಡ್ಡದಾಗೋಕೆ ಶುರುವಾಯ್ತು. ಅದರ ಕಣ್ಣು ನಾನು ನೋಡೇ ಇಲ್ಲ, ದೋಣಿ ಕೆಳಗಿದ್ದೆ. ಆದ್ರೂ ನಾಲಿಗೆ ತುದೀಲಿ ಕಣ್ಣು ಬಂದು ಕೂತ್ಕೊಳ್ತು. ನನ್ನ ಬಾಯಿ ನನಗೆ ಗೊತ್ತು. ಒಂದು ಸಲ ಹೇಳಿದ್ರೆ ಅದೂ ಸುಳ್ಳಾಗಿ ಹೋಗ್ತಿತ್ತು. ಇದೊಂದು ಹಾಗೇ ಇರ್ಲಿ ಅಂತ ಮುಚ್ಚಿದೆ.”

“ಉಗಿಸ್ಕೊಂಡೆಯಲ್ಲೋ.”

“ಒರೆಸ್ಕೊಂಡೆ.”

ಮುಂದಿನ ಸೆಪ್ಟೆಂಬರಿನಲ್ಲಿ ಅವನು ಮತ್ತೆ ದೋಣಿಗೆ ಚೀಲ ತುಂಬುವುದು ಕಂಡಿತು. ಹಗಲು ಹೊತ್ತು, ಎಲ್ಲರೂ ನೋಡುವ ಹಾಗೆ. ಕಟ್ಟೆಯ ಮೇಲಿನ ಮುದುಕರು ಶಿಳ್ಳೆ ಹಾಕಿದರು.

“ಯಾವ ಕಡೆ ಸವಾರಿ, ಮಹಾರಾಯಾ? ಏಳನೇದಕ್ಕಾ, ಎಂಟನೇದಕ್ಕಾ?”

“ಮೂರನೇದಕ್ಕೆ,” ಅಂದ ಅವನು. “ಅಲ್ಲಿ ಒಂದು ಗುಡಿಸಲಿದೆ. ಚೆನ್ನಾಗಿದೆ.”

“ಅಲ್ಲೇನು ಮಾಡ್ತೀಯೋ ಒಬ್ಬನೇ, ಹದಿನೆಂಟು ದಿನ?” ಅಂದೆ ನಾನು. ನನ್ನ ದನಿಯಲ್ಲಿ ಹಳೆಯ ಚುಚ್ಚು ಇತ್ತು. ಅದು ಒಂದು ಚಳಿಗಾಲದಲ್ಲಿ ಹೋಗುವಂಥದ್ದಲ್ಲ.

“ಕೂತಿರ್ತೀನಿ,” ಅಂದ. ಮಂಡಿಯೂರಿ, ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಹೆದರುತ್ತಾ ಹೆದರುತ್ತಾ ದಡದಿಂದ ನೂಕಿಕೊಂಡ.